ಸ್ಕಿಜೋಫ್ರೇನಿಯಾ ಇರುವವರ ಶುಶ್ರೂಷೆಯಲ್ಲಿ ಚಿತ್ರ, ಮಣ್ಣು, ಕೌದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಭಾಗದ ಮನೋರೋಗ ವಾರ್ಡುಗಳಲ್ಲಿ ಕೆಲಸ ಮಾಡುವ ನರ್ಸ್‌ಗಳು, ಪೋಸ್ಟಿಂಗ್‌ಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳು, ರೋಗಿಯ ಜೊತೆ ಉಳಿಯುವ ಮನೆಯವರು ಕೇಳುವ ಪ್ರಶ್ನೆಗಳಿವು. ಕೆಲವಕ್ಕೆ ಒಂದು ಸಾಲಿನ ಉತ್ತರ ಸಾಕು, ಕೆಲವಕ್ಕೆ ಒಂದು ಪುಟವೂ ಸಾಲದು.

ಮಾತ್ರೆ, ಇಂಜೆಕ್ಷನ್ ನಡೆದೇ ಇದೆ. ಮತ್ತೆ ಈ ಬಣ್ಣ, ಕಾಗದ ಯಾಕೆ?

ಇಲ್ಲದ ದನಿ ಕೇಳುವುದು, ಯಾರೋ ಬೆನ್ನು ಹತ್ತಿದ್ದಾರೆ ಎಂದು ಗಟ್ಟಿಯಾಗಿ ನಂಬುವುದು, ಅನ್ನದಲ್ಲಿ ವಿಷ ಹಾಕಿದ್ದಾರೆ ಎನ್ನುವುದು ಈ ಕಾಯಿಲೆಯ ಎದ್ದು ಕಾಣುವ ಲಕ್ಷಣಗಳು. ಔಷಧಿ ಹೆಚ್ಚಾಗಿ ಇವುಗಳನ್ನು ಹತೋಟಿಗೆ ತರುತ್ತದೆ. ಕಣ್ಣಿಗೆ ಬೀಳದ ಲಕ್ಷಣಗಳು ಬೇರೆ ಇವೆ: ಮಾತು ಬತ್ತಿಹೋಗುವುದು, ಮುಖದಲ್ಲಿ ಭಾವ ಕಾಣದಿರುವುದು, ಎದ್ದು ಸ್ನಾನ ಮಾಡಲೂ ಮನಸ್ಸಾಗದಿರುವುದು, ಯಾರ ಸಹವಾಸವೂ ಬೇಡವಾಗುವುದು. ಇವುಗಳ ಮೇಲೆ ಔಷಧಿಯ ಬಲ ಕಡಿಮೆ. ಮನೆಯಲ್ಲಿ ಇದಕ್ಕೆ ‘ಮೈಗಳ್ಳತನ’ ಎಂದು ಹೆಸರಿಡುತ್ತಾರೆ. ಬೈಗುಳ ಶುರುವಾಗುವುದೂ ಅಲ್ಲಿಂದಲೇ.

ದನಿ ನಿಂತ ಮೇಲೂ ಗೋಡೆ ಕಡೆ ಮುಖ ಮಾಡಿ ಮಲಗಿರುವವರನ್ನು ಪ್ರತಿ ವಾರ್ಡಿನಲ್ಲೂ ನೋಡುತ್ತೇವೆ. ಅವರಿಗೆ ಮಂಚ ಬಿಟ್ಟು ಏಳಲು ಒಂದು ನೆಪ, ಕೈಗೊಂದು ಕೆಲಸ, ಮಾತಾಡಲೇಬೇಕೆಂಬ ಒತ್ತಾಯವಿಲ್ಲದೆ ಪಕ್ಕದಲ್ಲೊಬ್ಬರು ಕೂತಿರುವುದು, ಇಷ್ಟನ್ನು ಈ ಚಟುವಟಿಕೆ ಕೊಡುತ್ತದೆ. ಎದುರಾಬದುರು ಕೂತು ಕಣ್ಣಿಗೆ ಕಣ್ಣಿಟ್ಟು ಮಾತಾಡುವುದು ಅವರಲ್ಲಿ ಬಹಳ ಜನಕ್ಕೆ ಹಿಂಸೆ. ಇಬ್ಬರೂ ಒಂದೇ ಹಾಳೆ ನೋಡುತ್ತ ಕೂತರೆ ಆ ಬಿಗಿ ಸಡಿಲವಾಗುತ್ತದೆ.

ಇದೇ ಕಲಾ ಚಿಕಿತ್ಸೆಯಾ?

ಅಲ್ಲ. ಕಲಾ ಚಿಕಿತ್ಸೆ ಬೇರೆ ತರಬೇತಿ ಪಡೆದವರ ಕೆಲಸ. ನರ್ಸ್ ಮಾಡಿಸುವುದು ಶುಶ್ರೂಷೆಯ ಭಾಗವಾದ ಕಲಾ ಚಟುವಟಿಕೆ. ಮನಸ್ಸಿನ ಆಳ ಕೆದಕುವ ಜವಾಬ್ದಾರಿ ನಮ್ಮದಲ್ಲ. ಜೊತೆಗಿರುವುದು, ಗಮನಿಸುವುದು, ದಿನಕ್ಕೊಂದು ಲಯ ತರುವುದು ನಮ್ಮದು. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಆರೈಕೆಯ ತಿರುಳು ಎಂದು ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೋ 1952ರಲ್ಲೇ ಬರೆದರು. ಬಣ್ಣದ ಪೆಟ್ಟಿಗೆ ಆ ಸಂಬಂಧಕ್ಕೆ ಒಂದು ದಾರಿ, ಅಷ್ಟೆ.

ಉಪಯೋಗ ಇದೆ ಎಂದು ಸಾಬೀತಾಗಿದೆಯೇ? ಡಾಕ್ಟರ್ ಕೇಳಿದರೆ ಏನು ಹೇಳಲಿ?

ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬ್ರಿಟನ್ನಿನಲ್ಲಿ 417 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ, ಒಂದು ವರ್ಷ ಕಾಲ ಗುಂಪಿನಲ್ಲಿ ಕಲಾ ಚಿಕಿತ್ಸೆ ಕೊಡುವ ಯೋಜನೆ ಅದರದ್ದು. ಎರಡು ವರ್ಷದ ಕೊನೆಗೆ ನೋಡಿದಾಗ, ಮಾಮೂಲಿ ಆರೈಕೆ ಪಡೆದವರಿಗಿಂತ ಇವರ ಒಟ್ಟು ಸ್ಥಿತಿಯಲ್ಲಿ ಹೆಚ್ಚಿನ ಸುಧಾರಣೆ ಕಾಣಲಿಲ್ಲ. ಆದರೆ ಹೆಸರು ಬರೆಸಿದವರಲ್ಲಿ ಬಹಳಷ್ಟು ಮಂದಿ ಸೆಷನ್‌ಗಳಿಗೆ ಸರಿಯಾಗಿ ಬಂದೇ ಇರಲಿಲ್ಲ. ಅದೇ ದೇಶದ ಚಿಕಿತ್ಸಾ ಮಾರ್ಗಸೂಚಿ ಮಾತ್ರ 2014ರ ಆವೃತ್ತಿಯಲ್ಲೂ, ಮಾತು-ಉತ್ಸಾಹ ಬತ್ತಿದ ಲಕ್ಷಣಗಳಿಗೆ ಕಲಾ ಚಿಕಿತ್ಸೆಗಳನ್ನು ಪರಿಗಣಿಸಿ ಎಂದೇ ಹೇಳಿತು.

ನನ್ನ ಅಭಿಪ್ರಾಯ ಕೇಳಿದರೆ: ‘ಚಿತ್ರ ತೆಗೆದರೆ ಕಾಯಿಲೆ ವಾಸಿಯಾಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗಂತ, ಮಧ್ಯಾಹ್ನವಿಡೀ ಸೂರು ನೋಡುತ್ತ ಮಲಗಿರುವುದಕ್ಕಿಂತ ಅರ್ಧ ತಾಸು ನಾಲ್ಕು ಜನರ ನಡುವೆ ಕೂತು ಏನಾದರೂ ಮಾಡುವುದು ಮೇಲು ಎನ್ನಲು ಅಧ್ಯಯನಕ್ಕೆ ಕಾಯಬೇಕಿಲ್ಲ. ಆ ಫಲಿತಾಂಶದಲ್ಲಿ ನಮಗೆ ಇನ್ನೊಂದು ಪಾಠವೂ ಇದೆ. ವಾರಕ್ಕೊಂದು ದಿನ ಎಲ್ಲೋ ದೂರದ ಕೋಣೆಗೆ ‘ಬನ್ನಿ’ ಎಂದರೆ ಇವರು ಬರುವುದಿಲ್ಲ. ವಾರ್ಡಿನೊಳಗೆ, ದಿನಾ ಅದೇ ಹೊತ್ತಿಗೆ, ಗುರುತಿನ ನರ್ಸ್ ಚಾಪೆ ಹಾಸಿದರೆ ಬರುವ ಸಾಧ್ಯತೆ ಹೆಚ್ಚು.

ಇದೆಲ್ಲ ಈಗಿನ ಹೊಸ ಶೋಕಿ ಅಲ್ಲವೇ?

1946ರಲ್ಲಿ ಬ್ರೆಜಿಲ್‌ನ ರಿಯೊ ನಗರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ನಿಸೆ ದ ಸಿಲ್ವೇರಾ ಎಂಬ ವೈದ್ಯೆ ರೋಗಿಗಳಿಗಾಗಿ ಚಿತ್ರಶಾಲೆ ತೆರೆದರು. ಆಗಿನ ವಿದ್ಯುತ್ ಆಘಾತ, ಮೆದುಳಿನ ಶಸ್ತ್ರಕ್ರಿಯೆಗಳನ್ನು ಮಾಡಲೊಲ್ಲೆ ಎಂದವರು ಅವರು. ಅಲ್ಲಿ ಬಿಡಿಸಿದ ಚಿತ್ರಗಳಿಂದ 1952ರಲ್ಲಿ ಒಂದು ಸಂಗ್ರಹಾಲಯವೇ ಆಯಿತು. ಇವತ್ತಿಗೂ ಇದೆ.

ಯಾವ ಹಂತದಲ್ಲಿ ಶುರು ಮಾಡಬೇಕು?

ರೋಗಿ ಸಿಟ್ಟಿನಲ್ಲಿ ಓಡಾಡುತ್ತಿದ್ದಾಗ, ಹೆದರಿ ಮೂಲೆ ಸೇರಿದ್ದಾಗ, ನಿದ್ದೆಯೇ ಇಲ್ಲದಿದ್ದಾಗ ಬೇಡ. ನಿದ್ದೆ ಬರತೊಡಗಿ, ಐದು-ಹತ್ತು ನಿಮಿಷ ಒಂದು ಕಡೆ ಕೂರುವಂತಾದರೆ ಸಾಕು. ಮೊದಲು ಒಬ್ಬರೇ, ನರ್ಸ್ ಜೊತೆ. ಆಮೇಲೆ ಚಿಕ್ಕ ಗುಂಪು. ಇಬ್ಬರು ಸಿಬ್ಬಂದಿ ಇದ್ದರೆ ಆರೆಂಟು ಜನ. ಒಬ್ಬರೇ ಇದ್ದರೆ ನಾಲ್ಕು ದಾಟಬೇಡಿ. ಡ್ಯೂಟಿ ಪಟ್ಟಿಯಲ್ಲಿ ಜನ ಇಲ್ಲದ ದಿನ ಗುಂಪು ಬಿಟ್ಟು, ಒಬ್ಬರ ಪಕ್ಕ ಹತ್ತು ನಿಮಿಷ ಕೂತರೂ ಆದೀತು.

ಏನು ಮಾಡಿಸಬೇಕು? ನಮ್ಮ ವಾರ್ಡಿಗೆ ಬಜೆಟ್ಟೇ ಇಲ್ಲ.

ಬಜೆಟ್ಟಿಗಿಂತ ಮೊದಲು ಬಿಳಿ ಹಾಳೆಯ ಬಗ್ಗೆ ಒಂದು ಮಾತು. ಖಾಲಿ ಹಾಳೆ ಮುಂದಿಟ್ಟು ‘ನಿಮಗೆ ಬೇಕಾದದ್ದು ಬರೀರಿ’ ಎಂದರೆ ಈ ಕಾಯಿಲೆ ಇರುವವರಲ್ಲಿ ಬಹಳ ಜನ ಕಂಗೆಡುತ್ತಾರೆ. ಯೋಚನೆಗಳು ಮೊದಲೇ ದಿಕ್ಕಾಪಾಲಾಗಿರುತ್ತವೆ; ಇನ್ನೂ ಬಯಲು ತೋರಿಸಬೇಡಿ. ಹಾಳೆಗೆ ಅಂಚು ಹಾಕಿಕೊಡಿ, ಅರ್ಧ ಚಿತ್ರ ನೀವೇ ಬಿಡಿಸಿ ಕೊಡಿ, ಕಣ್ಣಿಗೆ ಕಟ್ಟುವಂಥ ವಿಷಯ ಕೊಡಿ: ಊರ ಬಾವಿ, ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ಹಾದಿ, ತೊಗರಿ ಹೊಲ, ರೊಟ್ಟಿ ಬುಟ್ಟಿ. ‘ನಿಮ್ಮ ಭಯ ಬರೀರಿ’, ‘ನಿಮ್ಮ ಮನಸ್ಸು ಬರೀರಿ’ ಎಂಬಂಥವು ಬೇಡವೇ ಬೇಡ.

ಇನ್ನು ಸಾಮಾನು. ನಮ್ಮ ಭಾಗದ ಹಳೆ ಕಟ್ಟಡಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಇದ್ದೇ ಇರುತ್ತದೆ. ಒಂದು ಪೆಟ್ಟಿಗೆ ಚಾಕ್‌ಪೀಸ್ ತಂದರೆ ಒಂದೊಂದು ಪರಸಿ (ಹಾಸುಗಲ್ಲು) ಒಬ್ಬೊಬ್ಬರ ಹಾಳೆ. ಕಲ್ಲಿನ ಅಂಚೇ ಚೌಕಟ್ಟು, ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಅಳಿಸಬಹುದು ಎಂಬುದು ಸಣ್ಣ ಮಾತಲ್ಲ. ತಾನು ಬರೆದದ್ದನ್ನು ಪೊಲೀಸರು ಓದುತ್ತಾರೆ ಎಂದು ಅಂಜುವ ರೋಗಿ ಕಾಗದ ಮುಟ್ಟದಿದ್ದರೂ ಚಾಕ್‌ಪೀಸ್ ಹಿಡಿಯಬಹುದು. ಚುಕ್ಕಿ ರಂಗೋಲಿಯೂ ಹೀಗೇ ಅನುಕೂಲದ್ದು. ಚುಕ್ಕಿ ಇಟ್ಟ ಮೇಲೆ ದಾರಿ ತಾನೇ ಕಾಣುತ್ತದೆ. ಪುಡಿಗಿಂತ ಚಾಕ್‌ಪೀಸಿನಲ್ಲೇ ಹಾಕಿಸಿ. ಪುಡಿಯ ಧೂಳು ಫ್ಯಾನಿನ ಕೆಳಗೆ ಎಲ್ಲರ ಮೂಗಿಗೆ ಹೋಗುತ್ತದೆ.

ಮಣ್ಣಿನ ಕೆಲಸಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಒಳ್ಳೆಯ ನೆಪ. ಹಳ್ಳಿಯಲ್ಲಿ ಬೆಳೆದವರ ಕೈಗೆ ಎತ್ತು ಮಾಡುವುದು ಗೊತ್ತಿರುತ್ತದೆ, ಕಲಿಸಬೇಕಿಲ್ಲ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸಿದ ನೆನಪು ಹೆಣ್ಣುಮಕ್ಕಳಿಗೆ ಇರುತ್ತದೆ. ಒಂದು ಎಚ್ಚರಿಕೆ: ನಮ್ಮ ಎರಿ (ಕಪ್ಪು) ಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಬೆಳಿಗ್ಗೆ ಮಾಡಿದ ಎತ್ತಿನ ಕೋಡು ಸಂಜೆಗೆ ಮುರಿದು ಬಿದ್ದರೆ ನಮಗೆ ಅದು ಮಣ್ಣಿನ ಗುಣ. ಎಲ್ಲದರಲ್ಲೂ ಸಂಕೇತ ಕಾಣುವ ಸ್ಥಿತಿಯಲ್ಲಿರುವವರಿಗೆ ಅದೊಂದು ಅಪಶಕುನ. ಕುಂಬಾರರಿಂದ ಹದ ಮಾಡಿದ ಮಣ್ಣು ತನ್ನಿ. ಸಿಗದಿದ್ದರೆ ಮೊದಲೇ ಹೇಳಿಬಿಡಿ: ‘ಒಣಗಿದ ಮ್ಯಾಲ ಬಿರಿತದ್ರಿ, ಮತ್ತೊಂದು ಮಾಡೋಣು.’

ಕೌದಿ ನನಗೆ ಇಷ್ಟದ ಚಟುವಟಿಕೆ. ಹಳೆ ಸೀರೆಯ ತುಂಡು, ಒಂದೇ ಬಗೆಯ ಹೊಲಿಗೆ, ನಾಲ್ಕು ಜನ ನಾಲ್ಕು ಮೂಲೆಯಿಂದ ಹೊಲಿಯಬಹುದು. ಮಾತಾಡಿದರೂ ಸೈ, ಆಡದಿದ್ದರೂ ಸೈ. ತಾಂಡಾಗಳಿಂದ ಬಂದ ಲಂಬಾಣಿ ಹೆಣ್ಣುಮಕ್ಕಳು ಇದ್ದರಂತೂ ಕನ್ನಡಿ-ಕವಡೆ ಕೆಲಸದಲ್ಲಿ ನಮಗೇ ಕಲಿಸುವಷ್ಟು ಕೈಚಳಕ ಇರುತ್ತದೆ. ಆಗ ವಾರ್ಡಿನಲ್ಲಿ ಯಾರು ಗುರು, ಯಾರು ಶಿಷ್ಯ ಎಂಬುದು ತಿರುಗುಮುರುಗಾಗುತ್ತದೆ. ಆಗಬೇಕಾದದ್ದೂ ಅದೇ. ಸೂಜಿಯ ಲೆಕ್ಕದ ಬಗ್ಗೆ ಕೆಳಗೆ ಬರೆದಿದ್ದೇನೆ.

ಬೀದರಿನ ಕಡೆಯವರಿಗೆ ಬಿದರಿ ನಕ್ಷೆ ಕಣ್ಣಿಗೆ ಪರಿಚಿತ. ಅಸಲಿ ಬಿದರಿಗೆ ಸತು-ತಾಮ್ರ ಕರಗಿಸಬೇಕು, ಚಾಣದಿಂದ ಕೊರೆಯಬೇಕು, ಕೊನೆಗೆ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕಪ್ಪು ಮಾಡಬೇಕು, ವಾರ್ಡಿನ ಕೆಲಸವಲ್ಲ. ಕಪ್ಪು ಹಾಳೆಯ ಮೇಲೆ ಬಿಳಿ ಪೆನ್ಸಿಲ್ ಅಥವಾ ಬೆಳ್ಳಿ ಬಣ್ಣದ ಪೆನ್ನಿನಲ್ಲಿ ಹೂಬಳ್ಳಿ ಬಿಡಿಸಿದರೆ ಅದೇ ಕಳೆ ಬರುತ್ತದೆ. ಒಂದೇ ಆಕಾರ ಮತ್ತೆ ಮತ್ತೆ ಬರುವುದರಿಂದ ಮನಸ್ಸಿಗೆ ಹಿಡಿತವೂ ಸಿಗುತ್ತದೆ.

ಹಳೆ ಕ್ಯಾಲೆಂಡರ್ ಕತ್ತರಿಸಿ ಅಂಟಿಸುವ ಕೊಲಾಜ್ ಮಾಡಿಸಬಹುದೇ?

ಮಾಡಿಸಬಹುದು, ದೇವರ ಕ್ಯಾಲೆಂಡರ್ ಬಿಟ್ಟು. ದೇವರ ಚಿತ್ರಕ್ಕೆ ಕತ್ತರಿ ಹಾಕುವುದು ಹಲವರಿಗೆ ನೋವು. ‘ದೇವಿ ನನಗೆ ಅಪ್ಪಣೆ ಕೊಡುತ್ತಾಳೆ’ ಎಂಬ ಭ್ರಮೆಯಲ್ಲಿರುವವರ ಕೈಗೆ ಅದೇ ದೇವಿಯ ಪಟ ಕೊಡುವುದು ಅಪಾಯ. ಕ್ಯಾಲೆಂಡರ್ ಚಿತ್ರಕ್ಕೆ ಹೆಸರಾದ ಎಸ್. ಎಂ. ಪಂಡಿತರು ಹುಟ್ಟಿದ್ದೇ ಕಲಬುರಗಿಯಲ್ಲಿ, 1916ರಲ್ಲಿ. ಈ ಕಡೆಯ ಹಳೆ ಮನೆಗಳ ಗೋಡೆಗಳಲ್ಲಿ ಆ ಬಗೆಯ ದೇವರ ಪಟಗಳಿಗೆ ಎಂಥ ಗೌರವ ಎಂಬುದು ನಿಮಗೂ ಗೊತ್ತು. ಬೀಜದ ಕಂಪನಿಯ ಪೋಸ್ಟರ್, ಸೀರೆ ಅಂಗಡಿಯ ಜಾಹೀರಾತು, ದಿನಪತ್ರಿಕೆ ಸಾಕು.

‘ನನಗ ಬರಂಗಿಲ್ರಿ’ ಎನ್ನುತ್ತಾರೆ. ಒತ್ತಾಯ ಮಾಡಬೇಕೇ?

ಬೇಡ. ಪಕ್ಕ ಕೂತು ನೀವೇ ಏನಾದರೂ ಗೀಚಲು ಶುರು ಮಾಡಿ. ‘ಕಾಕಾ, ನಾ ಇಲ್ಲೇ ಕುಂದರ್ತೀನ್ರಿ. ಬೇಕನಿಸಿದ್ರ ಬರೀರಿ, ಇಲ್ಲಂದ್ರ ಸುಮ್ನ ನೋಡ್ರಿ.’ ನಿಮ್ಮ ಚಿತ್ರ ಕೆಟ್ಟದಾಗಿದ್ದಷ್ಟೂ ಒಳ್ಳೆಯದು. ಎಮ್ಮೆ ಬಿಡಿಸಲು ಹೋಗಿ ಹಂದಿ ಆದರೆ ಎದುರಿಗಿರುವವರು ತಿದ್ದಲು ಕೈ ಹಾಕುತ್ತಾರೆ. ನೋಡುತ್ತ ಕೂರುವುದೂ ಭಾಗವಹಿಸುವಿಕೆಯೇ. ರಿಜಿಸ್ಟರಿನಲ್ಲಿ ಹಾಗೆಯೇ ಬರೆಯಿರಿ.

ಸ್ಪರ್ಧೆ, ಬಹುಮಾನ ಇಡಬಹುದೇ?

ಇಡಬೇಡಿ.

ಮಕ್ಕಳ ಬಣ್ಣ ತುಂಬುವ ಪುಸ್ತಕ?

ನಲವತ್ತು ವರ್ಷದ ರೈತರಿಗೆ ಮಿಕ್ಕಿ ಮೌಸ್ ಕೊಡುವುದು ಅವಮಾನ. ನಕ್ಷೆ ತುಂಬುವುದೇ ಇಷ್ಟವೆಂದರೆ ಹೂವು, ಜಾಲಿ, ತೋರಣದ ನಕ್ಷೆ ಕೊಡಿ.

ಕೈ ನಡುಗುತ್ತದೆ, ನಿದ್ದೆ ಜೋಲಿ ಹೊಡೆಯುತ್ತದೆ. ಇಂಥವರಿಗೆ ಹೇಗೆ?

ಇಲ್ಲಿ ನರ್ಸಿನ ಕಣ್ಣು ಬಹಳ ಮುಖ್ಯ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಔಷಧಿಗಳಿಂದ ಕೈ ನಡುಕ, ಮೈ ಬಿಗಿತ, ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಆ ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯಿಂದ ಹತ್ತಿರದ್ದು ಮಂಜಾಗಿ ಕಾಣಬಹುದು, ಬಾಯಿ ಒಣಗಬಹುದು. ಒಲಾಂಝಪೈನ್, ಕ್ಲೋಝಪೈನ್‌ನಿಂದ ಮಂಪರು. ಇದನ್ನೆಲ್ಲ ಮರೆತು ‘ಮನಸ್ಸಿಟ್ಟು ಮಾಡ್ತಾ ಇಲ್ಲ’ ಎಂದು ಬರೆದರೆ ರೋಗಿಗೆ ಅನ್ಯಾಯ. ದಪ್ಪ ಕ್ರೇಯಾನ್, ದೊಡ್ಡ ಹಾಳೆ, ದಪ್ಪ ಗೆರೆಯ ನಕ್ಷೆ ಕೊಡಿ. ಸೂಕ್ಷ್ಮ ಕೆಲಸದ ಬದಲು ಮಣ್ಣು ಕೊಡಿ. ಮೊನ್ನೆ ನೆಟ್ಟಗೆ ಎಳೆದ ಗೆರೆ ಇವತ್ತು ಅಲೆಅಲೆಯಾಗಿದೆ, ಅಕ್ಷರ ಸಣ್ಣದಾಗುತ್ತ ಹೋಗಿದೆ, ನಿಮಿಷಕ್ಕೊಮ್ಮೆ ಎದ್ದು ಓಡಾಡುತ್ತಿದ್ದಾರೆ ಎಂದರೆ ಅದನ್ನು ಅದೇ ದಿನ ಡಾಕ್ಟರಿಗೆ ತಿಳಿಸಿ. ಡೋಸ್ ಬದಲಿಸಲು ಇಂಥ ಮಾಹಿತಿ ಬೇಕು, ಮತ್ತು ರೌಂಡ್ಸಿನ ಎರಡು ನಿಮಿಷದಲ್ಲಿ ಅದು ಕಾಣುವುದಿಲ್ಲ.

ಬೇಸಿಗೆಯ ಮಾತು ಬೇರೆಯೇ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಮಾಮೂಲು. ಈ ಔಷಧಿಗಳಲ್ಲಿ ಹಲವು ಮೈಯ ತಾಪ ಹತೋಟಿಯಲ್ಲಿಡುವ ಶಕ್ತಿಯನ್ನು ಕುಗ್ಗಿಸುತ್ತವೆ, ಕೆಲವು ಬೆವರನ್ನೇ ಕಡಿಮೆ ಮಾಡುತ್ತವೆ. ಕ್ಲೋರ್‌ಪ್ರೊಮಝೀನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅಂಗಳದ ಚಟುವಟಿಕೆ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ, ನೀರಿನ ಕೊಡ ಕೈಗೆಟುಕುವಲ್ಲಿ ಇರಲಿ.

ಚಿತ್ರ ನೋಡಿ ಮನಸ್ಸಿನಲ್ಲಿ ಏನಿದೆ ಎಂದು ಹೇಳಬಹುದೇ? ಕಪ್ಪು ಬಣ್ಣ ಬಳಸಿದರೆ ಖಿನ್ನತೆ ಎನ್ನುತ್ತಾರಲ್ಲ?

ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ. ಕಪ್ಪು ಬಣ್ಣ ಹೆಚ್ಚಾಗಿ ಹೇಳುವುದು ಪೆಟ್ಟಿಗೆಯಲ್ಲಿ ಉಳಿದದ್ದು ಅದೊಂದೇ ಕ್ರೇಯಾನ್ ಎಂಬುದನ್ನು. ದೊಡ್ಡ ಕಣ್ಣು ಎಂದರೆ ಸಂಶಯ, ಬೇರಿಲ್ಲದ ಮರ ಎಂದರೆ ಆಸರೆಯಿಲ್ಲ ಎಂಬಂಥ ಪಟ್ಟಿಗಳು ಮೊಬೈಲಿನಲ್ಲಿ ಓಡಾಡುತ್ತವೆ. ಅವುಗಳನ್ನು ನಂಬಿ ಕೇಸ್ ಶೀಟಿನಲ್ಲಿ ಏನನ್ನೂ ಬರೆಯಬೇಡಿ. ಚಿತ್ರದ ಅರ್ಥ ಬೇಕಿದ್ದರೆ ಬಿಡಿಸಿದವರನ್ನೇ ಕೇಳಿ: ‘ಅಕ್ಕಾರ, ಇದರ ಬಗ್ಗೆ ಏನರೆ ಹೇಳ್ತೀರೇನ್ರಿ?’ ಹೇಳದಿದ್ದರೆ ಬಿಡಿ.

ಒಂದು ಅಪವಾದ ಇದೆ. ನೇಣು, ಬಾವಿಗೆ ಹಾರುವುದು, ಯಾರನ್ನೋ ಕಡಿಯುವುದು ಇಂಥವು ಚಿತ್ರದಲ್ಲಾಗಲಿ, ಜೊತೆಯ ಮಾತಿನಲ್ಲಾಗಲಿ ಬಂದರೆ ಊಹೆ ಮಾಡುತ್ತ ಕೂರಬೇಡಿ. ‘ಸಾಯಬೇಕು ಅನ್ನೋ ವಿಚಾರ ಬರ್ತದೇನ್ರಿ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುತ್ತದೆ ಎಂಬುದು ಸುಳ್ಳು ಭಯ. ಅವರನ್ನು ಒಬ್ಬರನ್ನೇ ಬಿಡದೆ ಕೂಡಲೇ ಡಾಕ್ಟರಿಗೆ ತಿಳಿಸಿ.

ಬಿಡಿಸುತ್ತ ‘ಇವರೇ ನನ್ನ ಕಿವಿಯಲ್ಲಿ ಮಾತಾಡುವವರು’ ಎಂದರೆ?

ವಾದ ಮಾಡಬೇಡಿ, ಹೌದೌದು ಎಂದು ಸೇರಿಕೊಳ್ಳಲೂ ಬೇಡಿ. ‘ನನಗ ಅವರ ದನಿ ಕೇಳ್ಸಂಗಿಲ್ರಿ. ನಿಮಗ ಕೇಳ್ಸಿದಾಗ ಅಂಜಿಕಿ ಆಗ್ತದ ಅನ್ನೋದು ತಿಳೀತದ.’ ಇಷ್ಟು ಹೇಳಿ ಕೈಯಲ್ಲಿರುವ ಕೆಲಸಕ್ಕೆ ಮರಳಿ: ‘ಈ ಬಾವಿಗಿ ಗಡಗಡಿ ಇತ್ತೇನ್ರಿ?’ ದನಿ ಅಪ್ಪಣೆ ಕೊಡುತ್ತಿದೆ ಎಂದರೆ ಏನು ಅಪ್ಪಣೆ ಎಂದು ತಿಳಿದುಕೊಂಡು ವರದಿ ಮಾಡಿ. ಕಸಿವಿಸಿ ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಿ, ಗುಂಪಿನಿಂದ ಆಚೆ ಕರೆದೊಯ್ಯಿರಿ.

ಕತ್ತರಿ, ಸೂಜಿ, ಬಣ್ಣ: ಸುರಕ್ಷತೆ?

ಎಣಿಸಿ ಕೊಡಿ, ಎಣಿಸಿ ತೆಗೆದುಕೊಳ್ಳಿ, ಎರಡು ಸಲವೂ ಬರೆಯಿರಿ. ಒಂದು ಸೂಜಿ ಕಮ್ಮಿಯಾದರೂ ಯಾರೂ ಎದ್ದು ಹೋಗುವಂತಿಲ್ಲ, ನರ್ಸ್ ಸೇರಿ. ಕತ್ತರಿ ಮೊಂಡು ತುದಿಯದ್ದು. ದಾರ, ಉಲ್ಲನ್ ನೂಲು ತುಂಡು ಮಾಡಿ ಕೊಡಿ, ಉಂಡೆ ಬೇಡ. ಆತ್ಮಹತ್ಯೆಯ ಯೋಚನೆ ಇರುವವರಿಗೆ ಹೊಲಿಗೆಯ ಬದಲು ಚಾಕ್‌ಪೀಸ್. ಥಿನ್ನರ್, ವಾಸನೆಯ ಅಂಟು, ಸುಣ್ಣ ಒಳಗೆ ಬರಬಾರದು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಗಾಜಿನ ಲೋಟದಲ್ಲಿ ಕುಂಚ ತೊಳೆಯುವುದು ಬೇಡ. ಬಣ್ಣದ ನೀರು ಕುಡಿಯಲು ಹೋಗುವವರಿದ್ದರೆ ಒಣ ಬಣ್ಣವೇ ಸರಿ.

ರಿಜಿಸ್ಟರಿನಲ್ಲಿ ಏನು ಬರೆಯುವುದು?

ಕಂಡದ್ದು, ಕೇಳಿದ್ದು. ಉದಾಹರಣೆಗೆ: ‘ಕರೆದಾಗ ಎರಡನೇ ಸಲಕ್ಕೆ ಬಂದರು. 15 ನಿಮಿಷ ಕೂತರು. ಎಡಗೈ ನಡುಕ ಇತ್ತು. ಎತ್ತಿನ ಬಂಡಿ ಬಿಡಿಸಿದರು. ಪಕ್ಕದವರಿಗೆ ತಾವಾಗಿಯೇ ಕ್ರೇಯಾನ್ ಕೊಟ್ಟರು. ಮಧ್ಯೆ ಎರಡು ಸಲ ಯಾರಿಗೋ ಉತ್ತರಿಸಿದಂತೆ ಗೊಣಗಿದರು.’ ಚಿತ್ರ ಚೆನ್ನಾಗಿತ್ತೋ ಇಲ್ಲವೋ ಬೇಕಿಲ್ಲ. ಕ್ರೇಯಾನ್ ಕೊಟ್ಟ ಆ ಒಂದು ಸಾಲು ಚಿತ್ರಕ್ಕಿಂತ ದೊಡ್ಡ ಸುದ್ದಿ.

ಚಿತ್ರ ಬಹಳ ಚೆನ್ನಾಗಿದೆ. ವಾಟ್ಸ್ಆ್ಯಪ್ ಸ್ಟೇಟಸ್ ಹಾಕಬಹುದೇ? ಮಾರಬಹುದೇ?

ಸ್ಟೇಟಸ್ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಮಾಹಿತಿ ಗೋಪ್ಯ. ರೋಗಿಯ ಫೋಟೊ, ವಿವರಗಳನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಚಿತ್ರ ಬಿಡಿಸಿದವರದ್ದು. ಗೋಡೆಗೆ ಅಂಟಿಸಲೂ ಕೇಳಿ, ಹರಿದು ಹಾಕಿದರೆ ಹರಿಯಲು ಬಿಡಿ. ಪ್ರದರ್ಶನ ಇಟ್ಟರೆ ಹೆಸರು ಬೇಕೋ ಬೇಡವೋ ಅವರೇ ಹೇಳಲಿ, ಅದೂ ಕಾಯಿಲೆ ಹತೋಟಿಯಲ್ಲಿರುವಾಗ. ಮಾರಿದರೆ ಹಣ ಅವರಿಗೆ. ಆಸ್ಪತ್ರೆಯಲ್ಲಿ ಬಲವಂತದ ದುಡಿಮೆ ಕೂಡದು, ಮಾಡಿದ ಕೆಲಸಕ್ಕೆ ತಕ್ಕ ಸಂಭಾವನೆ ಕೊಡಬೇಕು ಎಂಬುದೂ ಅದೇ ಕಾಯ್ದೆಯಲ್ಲಿದೆ. ವಾರ್ಷಿಕೋತ್ಸವಕ್ಕೆ ನೂರು ತೋರಣ ಬೇಕೆಂದು ರೋಗಿಗಳನ್ನು ಕೂರಿಸುವವರು ಇದನ್ನು ನೆನಪಿಡಬೇಕು.

ಕೆಲವರು ಮನುಷ್ಯ, ಪ್ರಾಣಿ ಬಿಡಿಸಲು ಒಪ್ಪುವುದಿಲ್ಲ. ಭಾಷೆಯೂ ಬೇರೆ ಬೇರೆ.

ಧರ್ಮದ ಕಾರಣಕ್ಕೆ ಬೇಡವೆಂದರೆ ಅದಕ್ಕೆ ಕಾಯಿಲೆಯ ಬಣ್ಣ ಹಚ್ಚಬೇಡಿ. ಬೀದರಿನ ಮಹಮೂದ್ ಗವಾನ್ ಮದರಸಾದ ಹೊಳಪಿನ ಹೆಂಚು, ರಂಗೀನ್ ಮಹಲಿನ ಕಪ್ಪು ಕಲ್ಲಿನೊಳಗಿನ ಮುತ್ತಿನ ಚಿಪ್ಪಿನ ಬಳ್ಳಿ ಇವೆಲ್ಲ ನಮ್ಮಲ್ಲೇ ಇರುವ ಮಾದರಿಗಳು. ನಮ್ಮ ವಾರ್ಡುಗಳಲ್ಲಿ ಕನ್ನಡ, ದಖ್ಖನಿ, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಕೇಳುತ್ತವೆ. ಒಬ್ಬರ ಮಾತು ಒಬ್ಬರಿಗೆ ಬಾರದ ಇಬ್ಬರು ಒಂದೇ ಕೌದಿಗೆ ಸೂಜಿ ಹಾಕಬಹುದು.

ಮನೆಗೆ ಹೋದ ಮೇಲೆ ನಾವು, ಮನೆಯವರು, ಏನು ಮಾಡಬೇಕು?

ಮೊದಲನೆಯದು ಮಾತ್ರೆ. ಗಾಣಗಾಪುರಕ್ಕೆ ಹೋಗಿ, ಬಂದೇ ನವಾಜರ ದರ್ಗಾಕ್ಕೆ ಹೋಗಿ, ಮಾತ್ರೆ ಜೇಬಿನಲ್ಲಿಟ್ಟುಕೊಂಡು ಹೋಗಿ. ಕೌದಿ ಹೊಲಿಯುತ್ತಿದ್ದಾಳೆ, ಆರಾಮಾಗಿದ್ದಾಳೆ, ಇನ್ನು ಗುಳಿಗೆ ಯಾಕೆ ಎಂದು ನಿಲ್ಲಿಸುವುದರಿಂದಲೇ ಕಾಯಿಲೆ ಮರುಕಳಿಸಿ ಬಹಳ ಜನ ವಾರ್ಡಿಗೆ ವಾಪಸ್ ಬರುತ್ತಾರೆ.

ಎರಡನೆಯದು ಬಾಯಿ. ಸದಾ ಟೀಕೆ, ಸಿಟ್ಟು, ಅತಿಯಾದ ಕಾವಲು ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ‘ಅರ್ಧಾ ಯಾಕ ಬಿಟ್ಟಿ?’ ಬೇಡ. ಬಂದ ನೆಂಟರಿಗೆಲ್ಲ ತೋರಿಸುವುದೂ ಬೇಡ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವ ಕೆಲಸ ಅವಳದೇ ಆಗಿರಲಿ. ಒಂದು ದಿನ ಹಾಕದಿದ್ದರೆ ಅಂಗಳ ಹಾಗೇ ಇರಲಿ. ನಾಲ್ಕೈದು ದಿನ ನಿಂತು, ನಿದ್ದೆಯೂ ಕೆಟ್ಟು, ಒಬ್ಬಳೇ ಮಾತಾಡುವುದು ಶುರುವಾದರೆ ಡಾಕ್ಟರನ್ನು ಕಾಣಿ.

ನಮ್ಮದು ಹಳ್ಳಿ. ಯಾರನ್ನು ಕೇಳುವುದು?

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಂಗಳವಾರ ಮನೋವೈದ್ಯರ ಭೇಟಿ ಇರುತ್ತದೆ. ನಿಮ್ಮ ತಾಲ್ಲೂಕಿನ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಖಚಿತ ಮಾಡಿಕೊಳ್ಳಿ. ಟೆಲಿ-ಮಾನಸ್ ಸಹಾಯವಾಣಿ 14416, ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಎನಿಸಿದರೆ 108. ತೋರಿಸಲು ಹೋಗುವಾಗ ಮಾತ್ರೆಯ ಚೀಟಿ ಜೊತೆಗೆ, ಅವರು ಒಪ್ಪಿದರೆ, ಮನೆಯಲ್ಲಿ ಬಿಡಿಸಿದ ಎರಡು ಹಾಳೆಯನ್ನೂ ಒಯ್ಯಿರಿ. ಗೆರೆ ನಡುಗಿದೆಯೋ ಇಲ್ಲವೋ ಎಂದು ಡಾಕ್ಟರ್ ನೋಡಬೇಕು.